ಯುಕೆಯಲ್ಲಿ ಹುಟ್ಟಿದ ಮಗುವಿಗೆ ಇಂಡಿಯನ್ ಪಾಸ್‌ಪೋರ್ಟ್ ಮಾಡಿಸೋದು ಹೇಗೆ?

ನಮಸ್ಕಾರ. ನೀವು ಬರೆದಿರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇರೆಯವರಿಗೂ ಅನುಕೂಲವಾಗುತ್ತದೆ. ನೀವಿಬ್ಬರೂ ಭಾರತದ ಪ್ರಜೆಗಳು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ರೆಡಿಂಗ್‌ನಲ್ಲಿದ್ದೀರಿ. ಮಗಳಿಗೆ ಎರಡು ತಿಂಗಳು. ಇನ್ನು ಐದಾರು ತಿಂಗಳಿಗೆ ಶಿವಮೊಗ್ಗದಲ್ಲಿ ತಂಗಿಯ ಮದುವೆ. ಇಲ್ಲೇ ಹುಟ್ಟಿದವಳಿಗೆ ಬ್ರಿಟಿಷ್ ಪಾಸ್‌ಪೋರ್ಟೇ ಸಿಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ಇಂಡಿಯನ್ ಮಾಡಿಸಿದರೆ ಮುಂದೆ ಬ್ರಿಟಿಷ್ ಕೈತಪ್ಪಿ ಹೋಗುತ್ತದೆ ಅಂತ ಇನ್ನೊಬ್ಬರು ಹೆದರಿಸಿದ್ದಾರೆ. ಊರಲ್ಲಿ ಮಾವನವರು ‘ಸುಮ್ನೆ ಬಂದ್ಬಿಡಿ, ಮಿಕ್ಕಿದ್ದು ಇಲ್ಲಿ ಮಾಡಿಸೋಣ’ ಅನ್ನುತ್ತಿದ್ದಾರೆ. ಅಲ್ವಾ?

ನನ್ನ ಮಗಳೂ ಇಲ್ಲೇ, ಕೊವೆಂಟ್ರಿಯಲ್ಲಿ ಹುಟ್ಟಿದವಳು. ಆಗ ನಾವೂ ನಿಮ್ಮ ಹಾಗೇ ವರ್ಕ್ ವೀಸಾದಲ್ಲಿದ್ದೆವು. ಹಾಗಾಗಿ ಇದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ.

ಮೊದಲನೆಯದು ಬ್ರಿಟಿಷ್ ವಿಚಾರ. 1983ರ ಜನವರಿ 1ರಿಂದ ಈ ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಮಗು ಹುಟ್ಟುವ ಹೊತ್ತಿಗೆ ತಂದೆ ಅಥವಾ ತಾಯಿ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಅವರಿಗೆ ಐಎಲ್ಆರ್‌ನಂಥ ಕಾಯಂ ನೆಲೆಯ ಹಕ್ಕು ಇರಬೇಕು. ನಿಮ್ಮಿಬ್ಬರಿಗೂ ಅದು ಇಲ್ಲ. ಹಾಗಾಗಿ ಈಗ ಮಗಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲ. ಅಮೆರಿಕದಲ್ಲಿರುವ ನೆಂಟರು ‘ನಮ್ಮ ಮಗುವಿಗೆ ಹುಟ್ಟಿದ ತಕ್ಷಣ ಬಂತಲ್ಲ’ ಅಂತ ಹೇಳುವುದು ನಿಜವೇ, ಆದರೆ ಅಲ್ಲಿನ ಕಾನೂನು ಬೇರೆ.

ಆದರೆ ಬಾಗಿಲು ಮುಚ್ಚಿಲ್ಲ. ಮುಂದೆ ನಿಮ್ಮಲ್ಲಿ ಒಬ್ಬರಿಗೆ ಐಎಲ್ಆರ್ ಸಿಕ್ಕರೆ, ಮಗಳಿಗೆ ಹದಿನೆಂಟು ತುಂಬುವುದರೊಳಗೆ ಬ್ರಿಟಿಷ್ ಪ್ರಜೆ ಅಂತ ನೋಂದಣಿಗೆ ಅರ್ಜಿ ಹಾಕಬಹುದು. ಹುಟ್ಟಿದ ಮೊದಲ ಹತ್ತು ವರ್ಷ ಇಲ್ಲೇ ಬೆಳೆದ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಈಗ ಇಂಡಿಯನ್ ಪಾಸ್‌ಪೋರ್ಟ್ ತೆಗೆದುಕೊಂಡರೆ ಈ ಎರಡಕ್ಕೂ ಏನೂ ಅಡ್ಡಿಯಿಲ್ಲ. ಹೆದರಿಸಿದವರು ಬಹುಶಃ ಎರಡು ಪಾಸ್‌ಪೋರ್ಟ್ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ ಅನ್ನುವುದನ್ನು ಇದರ ಜೊತೆ ಗೋಜಲು ಮಾಡಿಕೊಂಡಿದ್ದಾರೆ. ಅದು ಮಾತ್ರ ನಿಜ. ಬ್ರಿಟಿಷ್ ಬಂದ ದಿನ ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸಬೇಕು. ಅದು ಮುಂದಿನ ಮಾತು.

ಈಗ ಭಾರತದ ಕಡೆಯ ಕಾನೂನು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಅಪ್ಪ ಅಮ್ಮ ಇಬ್ಬರೂ ಇಂಡಿಯನ್ಸ್, ಹಾಗಾಗಿ ಮಗುವೂ ತಾನಾಗಿಯೇ ಇಂಡಿಯನ್ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 2004ರ ಡಿಸೆಂಬರ್ 3ರಿಂದ ಅದು ಹಾಗಿಲ್ಲ. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದ ಒಳಗೆ ಭಾರತದ ಹೈಕಮಿಷನ್‌ನಲ್ಲೋ ಕಾನ್ಸುಲೇಟ್‌ನಲ್ಲೋ ನೋಂದಾಯಿಸಬೇಕು. ಆಗಲೇ ಪೌರತ್ವ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಫೈಲು ದೆಹಲಿಗೆ ಹೋಗಿ ಬರುವುದನ್ನು ಕಾಯುತ್ತಾ ಕೂರುವ ಗ್ರಹಚಾರ ಯಾಕೆ ಬೇಕು? ‘ಸದ್ಯಕ್ಕೆ ಊರಿಗೆ ಹೋಗಲ್ಲ, ಆಮೇಲೆ ಮಾಡಿಸೋಣ’ ಅಂತ ತಳ್ಳುವವರು ನನ್ನ ಪರಿಚಯದಲ್ಲೇ ಇದ್ದಾರೆ. ಅವರಿಗೂ ಇದನ್ನೇ ಹೇಳುತ್ತೇನೆ: ಪ್ರಯಾಣ ಇರಲಿ ಬಿಡಲಿ, ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ನೋಂದಣಿ ಮುಗಿಸಿಬಿಡಿ.

ಜೊತೆಗೆ ನೀವಿಬ್ಬರೂ ಒಂದು ಘೋಷಣೆ ಕೊಡಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ. ನಿಮಗೆ ಅದರಲ್ಲಿ ತೊಂದರೆಯೇನೂ ಇಲ್ಲ.

ಹಾಗಾಗಿ ಅರ್ಜಿ ಎರಡು. ಒಂದು ಗೃಹ ಸಚಿವಾಲಯದ ಪೌರತ್ವ ಪೋರ್ಟಲ್‌ನಲ್ಲಿ ಜನನ ನೋಂದಣಿಗೆ. ಇನ್ನೊಂದು ವಿದೇಶದಲ್ಲಿರುವವರಿಗಾಗಿ ಇರುವ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ, ಪಾಸ್‌ಪೋರ್ಟಿಗೆ. ಎರಡನ್ನೂ ತುಂಬಿ, ಪ್ರಿಂಟ್ ತೆಗೆದು, ಹೈಕಮಿಷನ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್ಎಸ್ ಕಂಪನಿಯ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಹಿಡಿದು ಹೋಗುವುದು. ಒಂದನ್ನು ತುಂಬಿ ಇನ್ನೊಂದನ್ನು ಮರೆತು ಕೌಂಟರ್ ಎದುರು ಮಿಕಮಿಕ ನೋಡುವವರನ್ನು ಅಲ್ಲಿ ಈಗಲೂ ಕಾಣಬಹುದು.

ಜೊತೆಗೆ ಬೇಕಾದದ್ದು ಮಗುವಿನ ಬರ್ತ್ ಸರ್ಟಿಫಿಕೇಟ್, ನಿಮ್ಮಿಬ್ಬರ ಪಾಸ್‌ಪೋರ್ಟ್, ವೀಸಾ ಇರುವುದಕ್ಕೆ ಪುರಾವೆ, ಮನೆ ವಿಳಾಸದ ಪುರಾವೆ, ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ (ಮಗುವಿನ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಕೊಡುವ ಘೋಷಣಾ ಪತ್ರ). ಎಲ್ಲದರ ಜೆರಾಕ್ಸ್ ಪ್ರತಿಗೂ ಸಹಿ ಹಾಕಿಟ್ಟುಕೊಳ್ಳಿ. ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಗಂಡ ಅಥವಾ ಹೆಂಡತಿಯ ಹೆಸರು ಸೇರಿಲ್ಲದಿದ್ದರೆ ಮದುವೆ ಸರ್ಟಿಫಿಕೇಟನ್ನೂ ಇಟ್ಟುಕೊಳ್ಳಿ, ಕೇಳುತ್ತಾರೆ. ಫೀ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಆಗಾಗ ಬದಲಾಗುತ್ತದೆ, ಅವರ ಪುಟದಲ್ಲೇ ನೋಡಿ.

ಬರ್ತ್ ಸರ್ಟಿಫಿಕೇಟ್‌ನಲ್ಲಿ ಶಾರ್ಟ್, ಫುಲ್ ಅಂತ ಎರಡು ಬಗೆ ಇವೆ. ಶಾರ್ಟ್‌ನಲ್ಲಿ ಅಪ್ಪ ಅಮ್ಮನ ಹೆಸರೇ ಇರುವುದಿಲ್ಲ. ನಿಮಗೆ ಬೇಕಾದದ್ದು ಫುಲ್. ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ನೋಂದಾಯಿಸಬೇಕಾದ್ದರಿಂದ ನಿಮ್ಮದು ಈಗಾಗಲೇ ಆಗಿರುತ್ತದೆ. ಕೈಯಲ್ಲಿರುವುದು ಯಾವುದು ಅಂತ ಒಮ್ಮೆ ತೆಗೆದು ನೋಡಿ. ಒಂದೆರಡು ಪ್ರತಿ ಜಾಸ್ತಿಯೇ ಇರಲಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕರ್ನಾಟಕದವರಿಗೆ ಇದೇ ದೊಡ್ಡ ತಲೆನೋವು. ನಮಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ. ಇಲ್ಲಿನ ರಿಜಿಸ್ಟ್ರಾರ್ ಸರ್‌ನೇಮ್ ಏನು ಅಂತ ಕೇಳಿದಾಗ ಒಬ್ಬರು ಗಂಡನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಊರಿನ ಹೆಸರು, ಮತ್ತೊಬ್ಬರು ಮನೆತನದ ಹೆಸರು. ಯಾವುದನ್ನೇ ಹೇಳಿರಿ, ಬರ್ತ್ ಸರ್ಟಿಫಿಕೇಟ್‌ನಲ್ಲಿ ಏನಿದೆಯೋ ಅದೇ ಅಕ್ಷರ, ಅದೇ ಕ್ರಮ ಪಾಸ್‌ಪೋರ್ಟ್ ಅರ್ಜಿಯಲ್ಲೂ ಬರಬೇಕು. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮಗಳಿಗಾದರೂ ಸರ್‌ನೇಮ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಪದದ ಹೆಸರಿದ್ದರೆ ಕೆಲವು ಕಡೆ ವೀಸಾಕ್ಕೆ ಕಿರಿಕಿರಿ. 2022ರ ನವೆಂಬರ್‌ನಲ್ಲಿ ಯುಎಇ ಅಂಥ ಪಾಸ್‌ಪೋರ್ಟ್ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಅಂದಾಗ ಎಷ್ಟು ಜನ ಪರದಾಡಿದರು ಅಂತ ನೆನಪಿರಬಹುದು.

ಇನ್ನು ಅಜ್ಜಿಯರ ಕಡೆಯಿಂದ ಬರುವ ತಿದ್ದುಪಡಿಗಳು. ನಕ್ಷತ್ರಕ್ಕೆ ಆ ಅಕ್ಷರ ಕೂಡಿಬರಲ್ಲ, ಜೋಯಿಸರು ಕೊನೆಯಲ್ಲಿ ಇನ್ನೊಂದು ‘ಎ’ ಸೇರಿಸಿ ಅಂದಿದ್ದಾರೆ, ‘ತ’ಕ್ಕೆ ಬರೀ ‘ಟಿ’ ಹಾಕಿದರೆ ಇಲ್ಲಿಯವರು ‘ಟ’ ಅಂತ ಕರೆಯುತ್ತಾರೆ. ಈ ಚರ್ಚೆಯನ್ನೆಲ್ಲ ಪಾಸ್‌ಪೋರ್ಟ್ ಅರ್ಜಿಗೆ ಮುಂಚೆಯೇ ಮುಗಿಸಿ. ನೋಂದಣಿ ಆದ 12 ತಿಂಗಳ ಒಳಗೆ ಬರ್ತ್ ರಿಜಿಸ್ಟರ್‌ನಲ್ಲಿ ಮಗುವಿನ ಮೊದಲ ಹೆಸರನ್ನು ಬದಲಿಸಲು ಇಂಗ್ಲೆಂಡಿನಲ್ಲಿ ಅವಕಾಶವಿದೆ. ಬದಲಿಸುವುದಿದ್ದರೆ ಅದನ್ನು ಈಗಲೇ ಮಾಡಿ, ಹೊಸ ಸರ್ಟಿಫಿಕೇಟ್ ಇಟ್ಟುಕೊಂಡೇ ಅರ್ಜಿ ಹಾಕಿ. ಪಾಸ್‌ಪೋರ್ಟ್ ಬಂದ ಮೇಲೆ ಒಂದು ಅಕ್ಷರ ತಿದ್ದಿಸುವುದೂ ದೊಡ್ಡ ರಗಳೆ.

ಫೋಟೋ. ಹಿನ್ನೆಲೆ ಬಿಳಿ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದುಕೊಂಡವರ ಕೈ ಕಾಣಬಾರದು. ಎರಡು ತಿಂಗಳ ಕೂಸಿಗೆ ಇದನ್ನೆಲ್ಲ ಹೇಳುವವರು ಯಾರು! ಹಾಸಿಗೆ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಮಲಗಿಸಿ, ಕಿಟಕಿ ಬೆಳಕಿನಲ್ಲಿ ಮೇಲಿನಿಂದ ತೆಗೆಯಿರಿ. ಮೇಲೆ ಬಗ್ಗಿದಾಗ ನಿಮ್ಮ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಕೆನ್ನೆಯ ದೃಷ್ಟಿಬೊಟ್ಟು ಒರೆಸಿ. ನಮ್ಮಮ್ಮ ನಾವು ತಿರುಗುವಷ್ಟರಲ್ಲಿ ಮತ್ತೆ ಇಟ್ಟುಬಿಡುತ್ತಿದ್ದರು. ಹಾಲು ಕುಡಿದು ಎದ್ದ ಮೇಲೆ ಒಂದು ಸ್ವಲ್ಪ ಹೊತ್ತು ಮಕ್ಕಳು ಫ್ಯಾನೋ ಲೈಟೋ ನೋಡುತ್ತಾ ಸುಮ್ಮನೆ ಮಲಗಿರುತ್ತವಲ್ಲ, ಅದೇ ಹೊತ್ತು.

ಹೆಬ್ಬೆಟ್ಟು ಅದಕ್ಕಿಂತ ಕಷ್ಟ. ಸಹಿ ಬಾರದ ಮಗುವಿನದು ಬೆರಳಚ್ಚು ಬೇಕು. ಗಂಡಾದರೆ ಎಡ ಹೆಬ್ಬೆರಳು, ಹೆಣ್ಣಾದರೆ ಬಲ. ಎಚ್ಚರವಾಗಿದ್ದಾಗ ಮುಷ್ಟಿ ಬಿಡಿಸಲು ಹೋದರೆ ಇನ್ನಷ್ಟು ಬಿಗಿ ಹಿಡಿಯುತ್ತವೆ. ಗಾಢ ನಿದ್ದೆಯಲ್ಲಿದ್ದಾಗ ಅಂಗೈ ಹೂವಿನ ಹಾಗೆ ತಾನೇ ಬಿಚ್ಚಿಕೊಳ್ಳುತ್ತದೆ. ಆಗ ಇಂಕ್ ಪ್ಯಾಡನ್ನು ಬೆರಳಿನ ಹತ್ತಿರ ತಂದು ಮೆಲ್ಲಗೆ ತಾಗಿಸಿ. ಮೊದಲ ಅಚ್ಚು ಬೇರೆ ಹಾಳೆಗೆ ಒತ್ತಿಬಿಡಿ, ಜಾಸ್ತಿ ಇಂಕ್ ಅಲ್ಲಿಗೆ ಹೋಗುತ್ತದೆ. ಎರಡನೆಯದು ಚೌಕದೊಳಗೆ. ಅಚ್ಚು ಗೆರೆ ದಾಟಬಾರದು. ಅರ್ಜಿಯ ಪ್ರಿಂಟ್ ಎರಡು ಮೂರು ಇಟ್ಟುಕೊಂಡೇ ಕೂರಿ. ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಇಂಕ್ ಹೋಗುತ್ತದೆ. ಬೇಗ ಒರೆಸಿ, ಇಲ್ಲದಿದ್ದರೆ ನೇರ ಬಾಯಿಗೆ.

ಇಷ್ಟಾದರೆ ಪಾಸ್‌ಪೋರ್ಟ್ ಕೆಲವು ವಾರಗಳಲ್ಲಿ ಕೊರಿಯರ್‌ನಲ್ಲಿ ಮನೆಗೆ ಬರುತ್ತದೆ. ಐದು ವರ್ಷದ ಅವಧಿ. ಜನನ ನೋಂದಣಿ ಪತ್ರವೂ ಬರುತ್ತದೆ, ಅದನ್ನು ಪಾಸ್‌ಪೋರ್ಟ್‌ಗಿಂತ ಜೋಪಾನವಾಗಿಡಿ. ಪಾಸ್‌ಪೋರ್ಟ್ ನವೀಕರಿಸಬಹುದು, ಪೌರತ್ವಕ್ಕೆ ಆಧಾರ ಆ ಕಾಗದವೇ.

ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ ಮುಖ್ಯ ವಿಷಯ ಈಗ. ಇಂಡಿಯನ್ ಪಾಸ್‌ಪೋರ್ಟ್ ಕೈಗೆ ಬಂದರೆ ಮಗಳು ಊರಿಗೆ ಹೋಗಬಹುದು. ವಾಪಸ್ ಬರುವುದು ಹೇಗೆ? ಅವಳಿಗೆ ಯುಕೆ ವೀಸಾ ಇಲ್ಲ. ಇಲ್ಲೇ ಹುಟ್ಟಿ ಇಲ್ಲೇ ಇರುವವರೆಗೆ ಯಾರೂ ಅವಳನ್ನು ಅಕ್ರಮ ಅನ್ನುವುದಿಲ್ಲ. ಒಮ್ಮೆ ದೇಶ ಬಿಟ್ಟರೆ ಮಾತ್ರ ವೀಸಾ ಇಲ್ಲದೆ ಒಳಗೆ ಬರುವಂತಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಬಂದ ಮರುದಿನವೇ ಅವಳಿಗೆ ನಿಮ್ಮ ವೀಸಾದ ಆಧಾರದ ಮೇಲೆ ಸಿಗುವ ಡಿಪೆಂಡೆಂಟ್ ವೀಸಾಗೆ ಅರ್ಜಿ ಹಾಕಿ. ದೇಶದೊಳಗಿಂದ ಹಾಕಿದ ಅರ್ಜಿಗೆ ಸಾಮಾನ್ಯವಾಗಿ ಎಂಟು ವಾರ ಅನ್ನುತ್ತಾರೆ. ದುಡ್ಡು ಜಾಸ್ತಿ ಕೊಟ್ಟು ಬೇಗ ಮಾಡಿಸುವ ಪ್ರಯಾರಿಟಿ ಸೌಲಭ್ಯವೂ ಇರುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ಮಕ್ಕಳಿಗೆ ವರ್ಷಕ್ಕೆ 776 ಪೌಂಡ್, ಅದೂ ನಿಮ್ಮ ವೀಸಾ ಮುಗಿಯುವವರೆಗಿನ ಅಷ್ಟೂ ಅವಧಿಗೆ ಒಟ್ಟಿಗೆ. ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಅರ್ಜಿ ತೀರ್ಮಾನ ಆಗುವ ಮುಂಚೆ ಮಗು ದೇಶ ಬಿಟ್ಟರೆ ಅರ್ಜಿ ಹಿಂತೆಗೆದುಕೊಂಡ ಹಾಗೆ ಲೆಕ್ಕ. ಕಟ್ಟಿದ ದುಡ್ಡಿಗೂ ಅಲೆದಾಟ.

ಪ್ರಯಾಣ ಇಲ್ಲದಿದ್ದರೂ ಈ ವೀಸಾವನ್ನು ಮುಂದೂಡಬೇಡಿ ಅನ್ನಲು ಇನ್ನೊಂದು ಕಾರಣವಿದೆ. ನೀವು ಸರ್‌ಚಾರ್ಜ್ ಕಟ್ಟಿರುವುದರಿಂದ ಮಗುವಿಗೆ ಆಸ್ಪತ್ರೆ ಖರ್ಚಿಲ್ಲ ಅನ್ನುವ ರಕ್ಷಣೆ ಮೊದಲ ಮೂರು ತಿಂಗಳಿಗೆ ಮಾತ್ರ. ನಿಮಗೆ ಉಳಿದಿರುವುದು ಒಂದೇ ತಿಂಗಳು.

ಈಗ ವೀಸಾ ಸ್ಟಿಕರ್ ಇಲ್ಲ, ಕಾರ್ಡೂ ಇಲ್ಲ, ಎಲ್ಲ ಇ-ವೀಸಾ, ಅಂದರೆ ಆನ್‌ಲೈನ್ ದಾಖಲೆ. ಯುಕೆ ವೀಸಾ ಇಲಾಖೆಯ ವೆಬ್‌ಸೈಟಿನಲ್ಲಿ ಮಗಳ ಹೆಸರಿನಲ್ಲಿ ಖಾತೆ ತೆರೆದು ಹೊಸ ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಜೋಡಣೆ ಆಗಿದೆಯಾ ನೋಡಿ. ಬೆಂಗಳೂರಿನಲ್ಲಿ ಚೆಕ್-ಇನ್ ಕೌಂಟರ್‌ನವರು ‘ಮಗುವಿನ ವೀಸಾ?’ ಅಂತ ಕೇಳಿಯೇ ಕೇಳುತ್ತಾರೆ. ಒಪ್ಪಿಗೆ ಪತ್ರದ ಪ್ರಿಂಟ್ ಬ್ಯಾಗಿನಲ್ಲಿ ಮೇಲುಗಡೆಯೇ ಇರಲಿ.

ಮಾವನವರು ಹೇಳಿದ ದಾರಿಯೂ ಇಲ್ಲದ್ದೇನಲ್ಲ. ಪಾಸ್‌ಪೋರ್ಟ್ ಮಾತ್ರ ಮಾಡಿಸಿಕೊಂಡು ಹೋಗಿ, ಮಗಳ ವೀಸಾಗೆ ಬೆಂಗಳೂರಿನಿಂದ ಅರ್ಜಿ ಹಾಕಬಹುದು. ಹೊರಗಿನಿಂದ ಹಾಕಿದರೆ ಸಾಮಾನ್ಯ ಅವಧಿ ಮೂರು ವಾರ. ಅಂದರೆ ಕಾಗದದ ಮೇಲೆ ಇದೇ ಬೇಗ. ಆದರೆ ಒಂದು ಪತ್ರ ಕಡಿಮೆ ಬಿತ್ತು, ತೀರ್ಮಾನ ತಡವಾಯಿತು ಅಂದರೆ ನಿಮ್ಮ ರಜೆ ಮುಗಿದಿರುತ್ತದೆ, ನಿಮ್ಮಲ್ಲೊಬ್ಬರು ಮಗುವಿನ ಜೊತೆ ಅಲ್ಲೇ ಉಳಿಯಬೇಕಾಗುತ್ತದೆ. ಉದ್ದ ರಜೆ ಇದ್ದು, ಬಾಣಂತನಕ್ಕೆ ಅಂತ ತವರಲ್ಲಿ ಎರಡು ಮೂರು ತಿಂಗಳು ಇರುವ ಯೋಚನೆ ನಿಮಗಿದ್ದರೆ ಇದು ಒಳ್ಳೆಯದೇ. ಎರಡು ವಾರಕ್ಕೆ ಹೋಗಿ ಬರುವವರಿಗೆ ಬೇಡ. ತುರ್ತಿಗೆ ಹೈಕಮಿಷನ್ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಬಗ್ಗೆ ಯಾರಾದರೂ ಹೇಳಿದರೆ, ಅದು ಭಾರತಕ್ಕೆ ಒಂದೇ ದಾರಿಯ ಪ್ರಯಾಣಕ್ಕೆ ಮಾತ್ರ. ಆಮೇಲೆ ಪಾಸ್‌ಪೋರ್ಟ್, ವೀಸಾ ಎರಡೂ ಅಲ್ಲಿಂದಲೇ ಆಗಬೇಕು. ಮದುವೆಗೆಂದು ಹೋಗುವವರಿಗೆ ಅದು ಹೇಳಿದ್ದಲ್ಲ.

ನಿಮ್ಮ ಹತ್ತಿರ ಐದಾರು ತಿಂಗಳಿದೆ, ಈ ವಾರವೇ ಶುರು ಮಾಡಿದರೆ ಸಾಕಷ್ಟಾಯಿತು. ಟಿಕೆಟ್ ಮಾತ್ರ ಮಗಳ ವೀಸಾ ಬಂದ ಮೇಲೆ ತಗೊಳ್ಳಿ. ಅಷ್ಟರಲ್ಲಿ ದರ ಏರುತ್ತದೆ ಅನ್ನುವ ಭಯವಿದ್ದರೆ ದಿನಾಂಕ ಬದಲಿಸಲು ಆಗುವ ಟಿಕೆಟ್ ನೋಡಿ. ಮಡಿಲಲ್ಲಿ ಕೂರುವ ಮಗುವಿಗೂ ಟಿಕೆಟ್ ಬೇಕು, ಅದರ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದ ಹಾಗೇ ಇರಬೇಕು. ಬೇಸಿನೆಟ್ (ಮಗುವನ್ನು ಮಲಗಿಸುವ ಪುಟ್ಟ ತೊಟ್ಟಿಲು) ಇರುವ ಸೀಟು ಬೇಕಿದ್ದರೆ ಬುಕ್ ಮಾಡಿದ ದಿನವೇ ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿ, ಅವು ಬೇಗ ಖಾಲಿಯಾಗುತ್ತವೆ.