ಡೈರಿಯಲ್ಲಿ ಇದ್ದಿದ್ದು ಅತ್ತೆಯ ಮಾತ್ರೆ

‘ಮೊದಲು ನಿಮ್ಮನ್ನು ನೀವು ಪ್ರೀತಿಸಿ’ ಅನ್ನೋ ರೀಲ್ಸ್ ನೋಡಿ, ಅದು ಕೈಗೂಡದೆ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುವವರು ಈಗೀಗ ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆ. ನಿದ್ದೆ ಇಲ್ಲ, ಸುಮ್ಸುಮ್ನೆ ಅಳು. ಯಾವುದೋ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದ್ದರು. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ಐ ಲವ್ ಮೈಸೆಲ್ಫ್’ ಅನ್ನಬೇಕು, ರಾತ್ರಿ ಡೈರಿ ಬರೆಯಬೇಕು.

“ಹೇಳ್ತೀನಿ ಮೇಡಂ. ಹೇಳಿದ ತಕ್ಷಣ ಒಳಗಿಂದ ‘ಸುಳ್ಳುಬುರುಕಿ’ ಅಂತ ಕೇಳಿಸುತ್ತೆ. ಇದೂ ನನ್ ಕೈಲಿ ಆಗ್ತಿಲ್ಲ.”

ಇದು ಆಕೆಯೊಬ್ಬರ ಕಷ್ಟ ಅಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಪ್ರೀತಿಗೆ ಅರ್ಹ’ ಅಂತ ಮತ್ತೆ ಮತ್ತೆ ಹೇಳಿಕೊಂಡಾಗ ಮೊದಲೇ ಕೀಳರಿಮೆ ಇದ್ದವರ ಮನಸ್ಸು ಇನ್ನಷ್ಟು ಕುಗ್ಗಿತ್ತು.

ಡೈರಿ ತನ್ನಿ ಅಂದೆ. ತಂದರು. ಹೂವಿನ ರಟ್ಟು. ಪ್ರತಿ ಪುಟದ ತಲೆಯಲ್ಲಿ ‘ಇವತ್ತು ನನಗಾಗಿ ಏನು ಮಾಡಿದೆ?’ ಅಂತ ಅಚ್ಚಾಗಿತ್ತು. ಅದರ ಕೆಳಗೆ ಆಕೆಯ ಕೈಬರಹ: ಅತ್ತೆಯ ಬಿಪಿ ಮಾತ್ರೆ, ಫಿಸಿಯೋಥೆರಪಿಯವರು ಬರೋ ಹೊತ್ತು, ಡೈಪರ್ ಎಲ್ ಸೈಜ್, ಗ್ಯಾಸ್ ಬುಕಿಂಗ್.

“ನಿಮ್ಮ ಮೈದುನ ಎಲ್ಲಿದ್ದಾರೆ?”

“ಇಲ್ಲೇ, ಯಲಹಂಕ. ಅವರನ್ನ ಹೇಗೆ ಕೇಳೋದು ಮೇಡಂ? ಯಜಮಾನ್ರೇ ಕೇಳಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಅಂದರು: “ಪ್ರೀತಿ ಗೀತಿ ಆಮೇಲೆ. ಒಂದು ಭಾನುವಾರ ಮಧ್ಯಾಹ್ನ ಮಲಗಬೇಕು ಅಷ್ಟೇ.”

ಕನ್ನಡಿ ಅಭ್ಯಾಸ ಬಿಡಿ ಅಂದೆ. ನಿದ್ದೆಗೆ ಮನೋವೈದ್ಯರನ್ನು ನೋಡಿ. ಗಂಡ, ಮೈದುನ ಇಬ್ಬರನ್ನೂ ಕೂರಿಸಿ ಅದೇ ಡೈರಿ ಮುಂದಿಡಿ. ನಿಮ್ಮನ್ನು ನೀವೇ ಬೈದುಕೊಳ್ಳುವಾಗ, ನಿಮ್ಮ ತಂಗಿಗೆ ಹೀಗಾಗಿದ್ದರೆ ಏನು ಹೇಳ್ತಿದ್ದಿರಿ ಅಂತ ಯೋಚಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ ಮುಂದಿಟ್ಟ ಸ್ವ-ಕರುಣೆಯ ವಿಚಾರವೂ ಹೆಚ್ಚುಕಮ್ಮಿ ಇದೇ. ನಮ್ಮನ್ನು ನಾವು ಮೆಚ್ಚಿಕೊಳ್ಳಲೇಬೇಕು ಅನ್ನೋ ಒತ್ತಾಯ ಅದರಲ್ಲಿಲ್ಲ.

ಸಂಸಾರದೊಳಗೆ ಕಡ್ಡಿ ಆಡಿಸ್ತೀರಿ ಅಂತ ಯಾರಾದರೂ ಅನ್ನಬಹುದು. ಅನ್ನಲಿ. ಬಣ್ಣಕ್ಕೆ, ದಪ್ಪಕ್ಕೆ ಅವಮಾನ ಉಂಡ ಹುಡುಗಿಯರಿಗೆ ಸೆಲ್ಫ್ ಲವ್ ಮಾತು ಆಸರೆ ಆಗಿದ್ದನ್ನೂ ನೋಡಿದ್ದೇನೆ. ಆದರೆ ಮೂವರು ಹೊರಬೇಕಾದ್ದನ್ನು ಒಬ್ಬರೇ ಹೊತ್ತು ಕುಸಿದಾಗ ‘ನಿಮ್ಮನ್ನು ಪ್ರೀತಿಸಿಕೊಳ್ಳಿ’ ಅಂದರೆ, ತಪ್ಪು ನಿಮ್ಮದೇ ಅಂದ ಹಾಗಲ್ವಾ? ಸೆಲ್ಫ್ ಲವ್ ಹೆಸರಲ್ಲಿ ಕ್ಯಾಂಡಲ್, ಫೇಸ್ ಮಾಸ್ಕ್ ಮಾರುವವರಿಗೆ ಮೈದುನ ಭಾನುವಾರ ಬಂದರೆ ಏನು ಲಾಭ?

ಒಂದು ಮಾತು. ಬದುಕೇ ಬೇಡ ಅನಿಸಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೈದುನ ಈಗ ವಾರ ಬಿಟ್ಟು ವಾರ ಬರುತ್ತಾರೆ, ಗೊಣಗುತ್ತಲೇ. “ಅವರು ಅತ್ತೆ ತಲೆ ನೆಟ್ಟಗೆ ಬಾಚಲ್ಲ ಮೇಡಂ, ನಾನೇ ಎದ್ದು ಬಾಚ್ಬಿಡ್ಲಾ?” ಅಂತ ಆಕೆ ಕೇಳಿದರು. ಬೇಡ, ಮಲಗಿ ಅಂದೆ.