ಕ್ಯೂಬಾದಲ್ಲಿ ಈಗಲೂ ಯಹೂದಿಗಳು ಇದ್ದಾರಾ? ಅಲ್ಲಿ ಅವರ ಧರ್ಮ ಹೇಗೆ ಉಳಿಯಿತು?

ಇದ್ದಾರೆ, ಆದರೆ ತುಂಬಾ ಕಡಿಮೆ. ಫಿಡೆಲ್ ಕ್ಯಾಸ್ಟ್ರೊ ನಡೆಸಿದ 1959ರ ಕ್ರಾಂತಿಗೆ ಮುಂಚೆ ಸುಮಾರು 15,000 ಜನ ಇದ್ದರು. ಹೆಚ್ಚಿನವರು ವ್ಯಾಪಾರ ಮಾಡಿಕೊಂಡಿದ್ದವರು. ಅಂಗಡಿ, ಕಾರ್ಖಾನೆ ಎಲ್ಲ ಸರ್ಕಾರದ ಪಾಲಾದ ಮೇಲೆ ಹತ್ತರಲ್ಲಿ ಒಂಬತ್ತು ಜನ ದೇಶ ಬಿಟ್ಟರು. ಜಾಸ್ತಿ ಮಂದಿ ಅಮೆರಿಕಕ್ಕೆ ಹೋದರು.

ಉಳಿದವರ ಕತೆ ನನ್ನ ಮನಸ್ಸಿಗೆ ತಟ್ಟುತ್ತದೆ. ರೇಷನ್‌ನಲ್ಲಿ ಹಂದಿಮಾಂಸದ ಬದಲು ಅವರಿಗೆ ದನದ ಮಾಂಸ ಸಿಗುತ್ತಿತ್ತು. ಅದಕ್ಕೆಂದೇ ಹಳೆ ಹವಾನಾದಲ್ಲಿ ಒಂದು ಕೋಷರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮ ಪಾಲಿಸುವ, ಮಾಂಸದಂಗಡಿ. ಪಾಸೋವರ್ ಹಬ್ಬಕ್ಕೆ ಬೇಕಾದ ಮಾತ್ಸಾ, ಅಂದರೆ ಹುಳಿ ಬರಿಸದ ತೆಳು ರೊಟ್ಟಿ, ಕೆನಡಾದಿಂದ ಬರುತ್ತಿತ್ತು. ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಕಾಲಿಡದವರ ಮನೆಗೂ ಆ ರೊಟ್ಟಿ ಹಬ್ಬವನ್ನು ತಂದಿರಬೇಕು, ಅಲ್ವಾ?

1991ರಲ್ಲಿ ದೇಶ ಆಳುವ ಕಮ್ಯುನಿಸ್ಟ್ ಪಕ್ಷ ದೇವರನ್ನು ನಂಬುವವರನ್ನೂ ಸೇರಿಸಿಕೊಳ್ಳಲು ಒಪ್ಪಿತು. ಹವಾನಾದ ಪಾತ್ರೊನಾತೊ ಸಿನಗಾಗ್ ಮತ್ತೆ ತುಂಬತೊಡಗಿತು. ಅದೇ ದಶಕದಲ್ಲಿ ನೂರಾರು ಜನ ಇಸ್ರೇಲಿಗೆ ವಲಸೆ ಹೋದರು.