ಸಾಕಿದ ಕೋಳಿಮರಿಗೆ ಪದೇ ಪದೇ ಸೆಳವು ಬರುತ್ತಿದ್ದರೆ ಯಾವ ಔಷಧಿ ಹಾಕಬೇಕು?

ಮೂರು ವಾರದ ಮರಿ ಇದ್ದಕ್ಕಿದ್ದಂತೆ ಕತ್ತನ್ನು ಹಿಂದಕ್ಕೆ ಸೆಟೆದುಕೊಂಡು ಬೀಳುತ್ತದೆ, ಕಾಲು ಬಡಿಯುತ್ತದೆ, ಸ್ವಲ್ಪ ಹೊತ್ತಿಗೆ ಎದ್ದು ಏನೂ ಆಗದಂತೆ ಆಹಾರ ಹೆಕ್ಕುತ್ತದೆ ಎಂದು ಬರೆದಿದ್ದೀರಿ. ನಾನು ಸಾಕಿದ್ದ ಮರಿಯೂ ಹೀಗೆಯೇ ಮಾಡುತ್ತಿತ್ತು, ನಾನೂ ಆಗ ಔಷಧಿಯ ಹೆಸರನ್ನೇ ಹುಡುಕುತ್ತಿದ್ದೆ.

ಯಾರೋ ವಿಟಮಿನ್ ಕೊರತೆ ಇರಬಹುದೆಂದರು. ಆ ಊಹೆ ಸರಿಯಾಗಿಯೇ ಇತ್ತು. ನಾನು ತಪ್ಪಿದ್ದು ವಿಟಮಿನ್ ಕೊಟ್ಟ ಹೊತ್ತಿನಲ್ಲಿ. ಮರಿ ಸೆಟೆದು ಬಿದ್ದ ಕೂಡಲೇ ಕೈಗೆತ್ತಿಕೊಂಡು, ಕೊಕ್ಕು ಬಿಡಿಸಿ, ವಿಟಮಿನ್ ಬೆರೆಸಿದ ನೀರನ್ನು ಡ್ರಾಪರ್‌ನಿಂದ ಬಿಡುತ್ತಿದ್ದೆ. ಸೆಳವು ತಾನಾಗಿಯೇ ನಿಲ್ಲುತ್ತಿತ್ತು. ನಾನು ಮಾತ್ರ ಔಷಧಿ ಕೆಲಸ ಮಾಡಿತೆಂದು ನಂಬಿ, ಮುಂದಿನ ಸಲ ಇನ್ನೂ ಬೇಗ ಹಾಕುತ್ತಿದ್ದೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ನಮಗಿರುವಂತೆ ಅದನ್ನು ಮುಚ್ಚುವ ಮುಚ್ಚಳ (ಎಪಿಗ್ಲಾಟಿಸ್) ಅದಕ್ಕಿಲ್ಲ, ಬಲವಾಗಿ ಕೆಮ್ಮಿ ಹೊರಹಾಕಲು ವಪೆಯೂ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಇಲ್ಲ. ಎಚ್ಚರವಾಗಿರುವ ಮರಿ ನುಂಗುವಾಗ ಆ ದ್ವಾರವನ್ನು ತಾನೇ ಬಿಗಿದುಕೊಳ್ಳುತ್ತದೆ, ಆದರೆ ಸೆಳವಿನಲ್ಲಿರುವ ಮರಿಗೆ ನುಂಗುವ ಹಿಡಿತವೇ ಇರುವುದಿಲ್ಲವಾದ್ದರಿಂದ ಬಿಟ್ಟ ಹನಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಸೆಳವುಗಳು ಕಡಿಮೆಯಾಗುತ್ತಾ ಬಂದಿದ್ದ ಹೊತ್ತಿಗೆ ಮರಿ ಬಾಯಿ ತೆರೆದು ಉಸಿರಾಡತೊಡಗಿತು, ಗಂಟಲಿನಲ್ಲಿ ಗೊರಗೊರ ಸದ್ದು ಕೇಳಿಸಿತು. ಪಶುವೈದ್ಯರಲ್ಲಿಗೆ ಒಯ್ಯುವಾಗ ಬಹಳ ತಡವಾಗಿತ್ತು. ಅದನ್ನು ಕೊಂದದ್ದು ಸೆಳವಲ್ಲ, ನನ್ನ ಡ್ರಾಪರ್.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಸೆಳವು ಒಂದು ಲಕ್ಷಣವಷ್ಟೇ. ಕಾರಣ ತಿಳಿಯದೆ ಅದಕ್ಕೆಂದೇ ಹಾಕುವ ಮನೆಯ ಔಷಧಿ ಎಂಬುದಿಲ್ಲ. ಸೆಳವು ಬಂದಾಗ ಮರಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ಬಿಟ್ಟು, ಬೆಳಕು ತಗ್ಗಿಸಿ, ನೀರಿನ ತಟ್ಟೆಯನ್ನು ದೂರವಿಟ್ಟು, ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ವಿಟಮಿನ್ ಕೊಡುವುದಿದ್ದರೆ ಅದು ಪೂರ್ತಿ ಎಚ್ಚೆತ್ತು ನಿಂತ ಮೇಲೆ, ಕೊಕ್ಕಿನ ಅಂಚಿಗೆ ಒಂದು ಹನಿ ಮುಟ್ಟಿಸಿ, ಅದೇ ಚಪ್ಪರಿಸಿ ನುಂಗಲು ಬಿಡಿ. (ಮಲಗಿದ ಮರಿ ನಿದ್ದೆಯಲ್ಲಿ ಚಪ್ಪಟೆಯಾಗಿ ಬಿದ್ದು ಸಣ್ಣಗೆ ನಡುಗುವುದು ಸಹಜ, ಮುಟ್ಟಿದೊಡನೆ ಏಳುತ್ತದಾದರೆ ಅದು ಸೆಳವಲ್ಲ.)

ಕಾರಣವನ್ನು ಮೊದಲು ಆಹಾರದ ಚೀಲದಲ್ಲಿ ಹುಡುಕಿ. ನನ್ನ ಚೀಲ ತೆರೆದು ಬಹಳ ಕಾಲವಾಗಿತ್ತು, ಮೂಸಿದರೆ ಹಳಸಿದ ಎಣ್ಣೆಯ ವಾಸನೆ ಬರುತ್ತಿತ್ತು. ಆಹಾರದ ಕೊಬ್ಬು ಕಮಟಾದಾಗ ಅದರಲ್ಲಿನ ವಿಟಮಿನ್ ಇ ನಾಶವಾಗುತ್ತದೆ, ಅದರ ಕೊರತೆಯಿಂದ ಮರಿಯ ಕಿರುಮೆದುಳು ಊದಿಕೊಂಡು ಒಳಗೆ ರಕ್ತ ಒಸರುತ್ತದೆ. ಸಾಮಾನ್ಯವಾಗಿ ಇದು 15ರಿಂದ 30 ದಿನಗಳ ಮರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕತ್ತು ಹಿಂದಕ್ಕೆ ವಾಲಿ ಮರಿ ಆಕಾಶ ನೋಡುವಂತೆ ಕುಳಿತಿದ್ದರೆ ವಿಟಮಿನ್ ಬಿ1, ಅಂದರೆ ಥಯಾಮಿನ್ ಕೊರತೆಯನ್ನೂ ಶಂಕಿಸಬೇಕು. ರಕ್ತಭೇದಿಗೆಂದು ಆಂಪ್ರೋಲಿಯಮ್ ಕೊಟ್ಟಿದ್ದೀರಾ? ಆ ಔಷಧಿಯ ರಚನೆ ಥಯಾಮಿನ್ ಅನ್ನೇ ಹೋಲುವುದರಿಂದ, ಅಳತೆ ಮೀರಿದರೆ ಅದೇ ಕೊರತೆಯನ್ನು ತಂದಿಡುತ್ತದೆ. ಬರಿಯ ಪಾಲಿಶ್ ಅಕ್ಕಿಯನ್ನೇ ಹಾಕಿ ಸಾಕಿದರೂ ಹಾಗೆಯೇ. ಬಿ1 ಕೊರತೆಯಾಗಿದ್ದರೆ ಚಿಕಿತ್ಸೆಗೆ ಮರಿ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳಬಹುದು, ವಿಟಮಿನ್ ಇ ಕೊರತೆಯಲ್ಲಿ ಮೆದುಳಿಗಾದ ಹಾನಿ ಪೂರ್ತಿ ಮಾಯದಿರಲೂಬಹುದು. ವಿಟಮಿನ್ ಇ ಜೊತೆಗೆ ಸೆಲೆನಿಯಮ್ ಎಂಬ ಖನಿಜವನ್ನೂ ಕೊಡಿ ಎಂಬ ಸಲಹೆಯೂ ನಿಮಗೆ ಸಿಗುತ್ತದೆ. ಅದು ಸ್ವಲ್ಪ ಹೆಚ್ಚಾದರೂ ವಿಷವೇ, ವೈದ್ಯರು ಅಳತೆ ಹೇಳದೆ ಮುಟ್ಟಬೇಡಿ.

ಒಂದಕ್ಕಿಂತ ಹೆಚ್ಚು ಮರಿಗಳು ಒಟ್ಟಿಗೆ ನಡುಗುತ್ತಿದ್ದರೆ ವೈರಸ್ ಸೋಂಕೂ ಇರಬಹುದು, ರಾಣಿಖೇತ್ ರೋಗವನ್ನೂ ಅಲ್ಲಗಳೆಯುವಂತಿಲ್ಲ. ಆಗ ಬೇರ್ಪಡಿಸಿ, ಕೈ ತೊಳೆದುಕೊಂಡು, ತಡಮಾಡದೆ ವೈದ್ಯರಿಗೆ ತಿಳಿಸಿ.

ಮರಿಯನ್ನು ನೋವಿಲ್ಲದೆ ಕೊನೆಗಾಣಿಸುವುದು ಒಳ್ಳೆಯದೇ ಎಂದೂ ಕೇಳಿದ್ದೀರಿ. ಸೆಳವಿನ ಭೀಕರತೆಯನ್ನು ನೋಡಿ ಅದನ್ನು ನಿರ್ಧರಿಸಬೇಡಿ, ಎರಡು ಸೆಳವುಗಳ ನಡುವಿನ ಹೊತ್ತನ್ನು ನೋಡಿ. ತಾನೇ ನಿಂತು ತಿನ್ನುವ, ಕುಡಿಯುವ ಮರಿಗೆ ಇನ್ನೂ ಅವಕಾಶವಿದೆ. ವೈದ್ಯರಲ್ಲಿಗೆ ಹೋಗುವಾಗ ಆ ವಿಡಿಯೊವನ್ನೂ, ಆಹಾರದ ಚೀಲದ ಚೀಟಿಯನ್ನೂ, ಈವರೆಗೆ ಕೊಟ್ಟ ಎಲ್ಲ ಔಷಧಿಗಳ ಹೆಸರನ್ನೂ ಒಯ್ಯಿರಿ.